ಕಾಲುವೆ ಸೀಮೆಯ ಸೈಕಲ್ ತಾಲೀಮು

ಉತ್ತರ ಕರ್ನಾಟಕದ ಜಾತ್ರೆಗಳ ಕರಪತ್ರ ಓದಿದವರಿಗೆ ಗೊತ್ತು: ಕುಸ್ತಿ, ಬಂಡಿ ಓಟ, ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳ ನಡುವೆ ‘ಸೈಕಲ್ ಶರ್ಯತ್ತು’ ಎಂಬ ಒಂದು ಸಾಲೂ ಇರುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಇದರ ಹುರುಪು ಹೆಚ್ಚು. ಸಾದಾ ಸೈಕಲ್ಲಿಗೆ ಒಂದು, ಗೇರ್ ಸೈಕಲ್ಲಿಗೆ ಇನ್ನೊಂದು ಎಂದು ವಿಭಾಗ ಮಾಡುತ್ತಾರೆ. ಊರ ಅಗಸಿಯಿಂದ ಹೊರಟು ಮುಂದಿನ ಊರಿನ ಗಡಿ ಮುಟ್ಟಿ, ಒಂದು ಡ್ರಮ್ಮು ಸುತ್ತಿ ವಾಪಸ್ ಬರಬೇಕು. ಹತ್ತು ಹದಿನೈದು ಕಿಲೋಮೀಟರ್, ಅರ್ಧ ಗಂಟೆಯ ಆಟ. ಪದಕ, ಪಾಯಿಂಟ್ ಏನೂ ಇಲ್ಲ. ಗೆದ್ದವನಿಗೆ ಒಂದಿಷ್ಟು ನಗದು, ಒಂದು ಶಾಲು, ಊರವರ ಸಿಳ್ಳೆ.

ಈ ಅರ್ಧ ಗಂಟೆಗೆ ತಯಾರಿ ಹೇಗೆ ಎಂಬುದು ನನ್ನ ವಿಷಯ. ನೆಲ ಬೇಕಲ್ಲ, ಅದಕ್ಕೆ ಸಿದ್ದಾಪುರವನ್ನು ಇಟ್ಟುಕೊಳ್ಳುತ್ತೇನೆ. ಕೊಪ್ಪಳ ಜಿಲ್ಲೆಯಲ್ಲಿ ಈ ಊರು ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಈಗ ಕಾರಟಗಿ ತಾಲ್ಲೂಕಿಗೆ ಸೇರಿದೆ. ಸುತ್ತ ತುಂಗಭದ್ರಾ ಎಡದಂಡೆ ನಾಲೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ, ನಡುನಡುವೆ ರೈಸ್ ಮಿಲ್ಲು. ನೆಲ ಸಪಾಟು, ಏರಿಲ್ಲ, ಘಟ್ಟವಿಲ್ಲ. ಇಂಥ ಕಡೆ ಸೈಕಲ್ ತಾಲೀಮಿಗೆ ಏನಿದೆ ಎಂದು ಮೂಗು ಮುರಿಯುವವರುಂಟು. ಸಣ್ಣ ರೇಸಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಶರ್ಯತ್ತಿಗೆ ನಿಲ್ಲುವ ಹುಡುಗರನ್ನು ಕೇಳಿ ನೋಡಿ, ‘ದಿನಾ ಮೂವತ್ತು ಕಿಲೋಮೀಟರ್ ತುಳೀತೀನ್ರೀ’ ಎನ್ನುತ್ತಾರೆ. ಮೂವತ್ತು ಕಿಲೋಮೀಟರ್ ತುಳಿಯುವವನಿಗೆ ಹದಿನೈದು ಯಾವ ಲೆಕ್ಕ ಎಂಬ ನಂಬಿಕೆ. ಆದರೆ ರೇಸಿನ ದಿನ ಎರಡನೇ ಕಿಲೋಮೀಟರಿನಲ್ಲೇ ಮುಂದಿನವರು ಒಮ್ಮೆ ಜೋರಾಗಿ ಎಳೆದರೆ ಇವನ ಎದೆ ಬಿರಿಯುತ್ತದೆ, ತೊಡೆ ಕಲ್ಲಾಗುತ್ತದೆ, ಗುಂಪು ಕೈಬಿಟ್ಟು ಹೋಗುತ್ತದೆ. ದಿನವೂ ಒಂದೇ ಹದದಲ್ಲಿ ತುಳಿದ ಕಾಲಿಗೆ ಆ ಹದ ಮಾತ್ರ ಗೊತ್ತು. ಸಣ್ಣ ರೇಸು ಕೇಳುವುದೇ ಬೇರೆ. ಇದ್ದಕ್ಕಿದ್ದಂತೆ ವೇಗ ಏರಿಸಬೇಕು, ಉಸಿರು ಸಾಲದೇ ಹೋದಾಗಲೂ ಅರ್ಧ ನಿಮಿಷ ತಡೆದುಕೊಳ್ಳಬೇಕು, ತುಸು ಇಳಿದು ಸುಧಾರಿಸಿಕೊಂಡು ಮತ್ತೆ ಏರಬೇಕು. ದೂರ ತಾಳುವ ಶಕ್ತಿಗಿಂತ ಏರಿಳಿತ ತಾಳುವ ಶಕ್ತಿ ಇಲ್ಲಿ ದೊಡ್ಡದು.

ಇದಕ್ಕೆ ವಿಜ್ಞಾನದ ಬಲವಾದ ಸಾಕ್ಷಿ ಸಿಕ್ಕಿದ್ದು ಜಪಾನಿನಲ್ಲಿ. ಇಜುಮಿ ತಬಾಟಾ ಮತ್ತು ಅವರ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವದು. ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ ಯಂತ್ರದ ಮೇಲೆ. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, ಹದವಾದ ಒಂದೇ ವೇಗದಲ್ಲಿ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ಪ್ರಾಣ ಬಿಟ್ಟು ತುಳಿಯುವುದು, 10 ಸೆಕೆಂಡ್ ಬಿಡುವು ಎಂಬಂತೆ ಏಳೆಂಟು ಪಾಳಿ ಮಾಡಿತು. ಒಟ್ಟು ಸುಮಾರು ನಾಲ್ಕು ನಿಮಿಷ. ವಾರಕ್ಕೆ ನಾಲ್ಕು ದಿನ ಇಷ್ಟೇ, ಐದನೇ ದಿನ ಮಾತ್ರ ಅರ್ಧ ಗಂಟೆಯ ಹದವಾದ ತುಳಿತ ಮತ್ತು ನಾಲ್ಕು ಪಾಳಿ. ಆರು ವಾರ ಕಳೆದಾಗ ದೇಹ ಆಮ್ಲಜನಕ ಬಳಸಿಕೊಳ್ಳುವ ಸಾಮರ್ಥ್ಯ ಎರಡೂ ಗುಂಪುಗಳಲ್ಲಿ ಏರಿತ್ತು. ಆಮ್ಲಜನಕ ಸಾಲದಿದ್ದಾಗಲೂ ಸ್ನಾಯು ದುಡಿಯುವ ಶಕ್ತಿ ಮಾತ್ರ ಮೊದಲ ಗುಂಪಿನಲ್ಲಿ ಇದ್ದಲ್ಲೇ ಇತ್ತು. ಎರಡನೆಯದರಲ್ಲಿ ಶೇ 28ರಷ್ಟು ಹೆಚ್ಚಿತ್ತು. ಶರ್ಯತ್ತಿನಲ್ಲಿ ಗುಂಪಿನಿಂದ ಕಳಚಿಕೊಳ್ಳದೆ ಉಳಿಸುವುದು ಇದೇ ಎರಡನೇ ಶಕ್ತಿ.

ಹಾಗೆಂದು ನಾಳೆಯಿಂದಲೇ ಪ್ರಾಣ ಬಿಟ್ಟು ತುಳಿಯಲು ಹೊರಡಬಾರದು. ತಬಾಟಾ ಅವರ ಬಳಿ ಇದ್ದವರು ಮೊದಲೇ ಮೈ ಪಳಗಿದ್ದ ತರುಣರು. ಹೊಸಬನಿಗೆ ಎಂಟು ವಾರವಾದರೂ ಬೇಕು. ಮೊದಲ ಮೂರು ವಾರ ಬರೀ ಹದವಾದ ಸವಾರಿ, ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಪಕ್ಕದವನ ಜತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬಂದರೆ ಅದೇ ಹದ. ಮೊಣಕಾಲಿನ ಕಟ್ಟು, ಸೊಂಟ, ಕೂರುವ ಭಾಗ ಎಲ್ಲವೂ ಆಗ ಗಟ್ಟಿಯಾಗುತ್ತವೆ. ನಾಲ್ಕನೇ ವಾರದಿಂದ ವಾರಕ್ಕೆ ಎರಡೇ ದಿನ ಬಿರುಸಿನ ತಾಲೀಮು, ಅವೆರಡರ ನಡುವೆ ಕನಿಷ್ಠ ಎರಡು ದಿನ ಅಂತರ. ಬಿರುಸಿನ ದಿನ ನಿಜಕ್ಕೂ ಬಿರುಸಾಗಿರಬೇಕು, ಹಗುರದ ದಿನ ನಿಜಕ್ಕೂ ಹಗುರವಾಗಿರಬೇಕು. ನಮ್ಮ ಹುಡುಗರು ಎಡವುವುದು ಇಲ್ಲಿಯೇ. ಎಲ್ಲ ದಿನವೂ ನಡುಮಧ್ಯದ ವೇಗದಲ್ಲಿ ತುಳಿದು, ಎಲ್ಲ ದಿನವೂ ಅಷ್ಟಿಷ್ಟು ದಣಿದು, ಬಿರುಸಿಗೂ ಬಾರದ ಸುಧಾರಣೆಗೂ ಸಲ್ಲದ ಸ್ಥಿತಿಯಲ್ಲಿ ಉಳಿಯುತ್ತಾರೆ.

ಬಿರುಸಿನ ತಾಲೀಮಿಗೆ ಯಂತ್ರವೇನೂ ಬೇಡ, ಕರೆಂಟ್ ಕಂಬ ಸಾಕು. ಗದ್ದೆ ಪಕ್ಕದ ಹಳ್ಳಿ ರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ಹೆಚ್ಚು ಕಡಿಮೆ 50 ಮೀಟರ್ ಎಂದುಕೊಂಡರೆ, ಎಂಟು ಕಂಬ ದಾಟುವುದೆಂದರೆ 400 ಮೀಟರ್, ನಲವತ್ತು ನಲವತ್ತೈದು ಸೆಕೆಂಡಿನ ಕೆಲಸ. ಎಂಟು ಕಂಬ ಜೋರು, ಎಂಟು ಕಂಬ ಹಗುರ. ಹೀಗೆ ಆರು ಸಲದಿಂದ ಶುರು ಮಾಡಿ ವಾರ ವಾರ ಒಂದೊಂದೇ ಏರಿಸುತ್ತ ಹತ್ತಕ್ಕೆ ಮುಟ್ಟಬೇಕು. ಇನ್ನೊಂದು ದಿನ ಉದ್ದನೆಯ ಪಾಳಿ: ನಾಲ್ಕು ನಿಮಿಷ ರೇಸಿನ ವೇಗ, ನಾಲ್ಕು ನಿಮಿಷ ಹಗುರ, ಇಂಥವು ನಾಲ್ಕು. ಕೊನೆಯ ಪಾಳಿಯ ವೇಗ ಮೊದಲ ಪಾಳಿಯಷ್ಟೇ ಇರಬೇಕು. ಮೊದಲನೆಯದರಲ್ಲೇ ಎಲ್ಲವನ್ನೂ ಸುರಿದು ಕೊನೆಯದರಲ್ಲಿ ತೆವಳಿದರೆ ಆ ದಿನದ ಲೆಕ್ಕ ತಪ್ಪಿತೆಂದೇ ಅರ್ಥ.

ಎಲ್ಲಿ ತುಳಿಯುವುದು ಎಂಬುದು ಈ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಹೆದ್ದಾರಿಯಲ್ಲಿ ಭತ್ತದ, ಅಕ್ಕಿಯ ಲಾರಿಗಳು ಹಗಲಿರುಳು ಓಡುತ್ತವೆ. ತಲೆ ಬಗ್ಗಿಸಿ ತುಳಿಯುವವನಿಗೆ ಅದು ಜಾಗವಲ್ಲ. ನಾಲೆಯ ದಂಡೆಯ ಮೇಲಿನ ಮಣ್ಣು ದಾರಿ ಹಗುರದ ಸವಾರಿಗೆ ತಂಪಾಗಿ ಚೆನ್ನ, ಬಿರುಸಿಗೆ ಬೇಡ. ಚಕ್ರ ಜಾರಿದರೆ ಒಂದು ಪಕ್ಕ ಆಳದ ನೀರು. ಉಳಿಯುವುದು ಹಳ್ಳಿಯಿಂದ ಹಳ್ಳಿಗೆ, ವಲಸೆ ಬಂದ ರೈತರ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಡಾಂಬರು ರಸ್ತೆ. ಅದಕ್ಕೂ ಅದರದೇ ತಾಪತ್ರಯ. ನಾಟಿ ಕಾಲದಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಡಾಂಬರನ್ನು ಕಿತ್ತಿರುತ್ತದೆ, ಕೆಸರಿನ ಹೆಂಟೆ ಬಿದ್ದಿರುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಒಣ ಭತ್ತದ ಕಾಳಿನ ಮೇಲೆ ತೆಳ್ಳನೆಯ ಟಯರು ಬಂದರೆ ಹಿಡಿತವೆಂಬುದೇ ಇರುವುದಿಲ್ಲ. ನಸುಗತ್ತಲಲ್ಲಿ ಆ ಕಲ್ಲು ಕಾಣುವುದೂ ಇಲ್ಲ. ಅದಕ್ಕೇ ಬಿರುಸಿನ ತಾಲೀಮು ನಸುಕಿನಲ್ಲಿ ಬೇಡ, ಬೆಳಕು ಹರಿದ ಮೇಲೆಯೇ ಇರಲಿ. ಬಿಸಿಲೇರುವ ಮುಂಚೆ ಮುಗಿಯಲಿ. ಹಿಂದಿನ ಸಂಜೆ ಅದೇ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಹೋಗಿ ಬರುವುದು ಇನ್ನೂ ಒಳ್ಳೆಯದು.

ಇನ್ನು ಗಾಳಿ. ಸಪಾಟು ನೆಲದಲ್ಲಿ ಏರು ಮಾಡಬೇಕಾದ ಕೆಲಸವನ್ನೆಲ್ಲ ಗಾಳಿಯೇ ಮಾಡುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿಗೆ ಎದುರಾಗಿ ತುಳಿದವರಿಗೆ ಅದರ ಭಾರ ಗೊತ್ತು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು. ಗಂಟೆಗೆ 30 ಕಿಲೋಮೀಟರಿನಿಂದ 40ಕ್ಕೆ ಏರಿದರೆ ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ, ಗಾಳಿಗಾಗಿ ಸುರಿಯಬೇಕಾದ ಶಕ್ತಿ ಮಾತ್ರ ಎರಡೂಕಾಲು ಪಟ್ಟು ದಾಟುತ್ತದೆ. 30ರ ವೇಗದಲ್ಲಿ ಹೋಗುವವನಿಗೆ 10 ಕಿಲೋಮೀಟರ್ ವೇಗದ ಎದುರುಗಾಳಿ ಬಂದರೆ ತಡೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಗೆಳೆಯರ ಗುಂಪಿನಲ್ಲಿ ಎಲ್ಲರಿಗಿಂತ ಬಲಶಾಲಿ ಎನಿಸಿಕೊಂಡವನು ಶರ್ಯತ್ತಿನಲ್ಲಿ ಸೋಲುವುದು ಹೆಚ್ಚಾಗಿ ಇದೇ ಕಾರಣಕ್ಕೆ: ಮೊದಲಿಂದ ಕೊನೆವರೆಗೆ ಮುಂದೆ ನಿಂತು ಎಲ್ಲರ ಪಾಲಿನ ಗಾಳಿಯನ್ನೂ ತಾನೇ ಸೀಳಿರುತ್ತಾನೆ.

ಮುಂದಿನವನ ಚಕ್ರದ ಹಿಂದೆ ಅರ್ಧ ಮೀಟರಿನಿಂದ ಒಂದು ಮೀಟರ್ ಅಂತರದಲ್ಲಿ ಮರೆಯಾಗಿ ತುಳಿದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ಇದನ್ನು ಮೋಸ ಎನ್ನುವ ಹಿರಿಯರಿದ್ದಾರೆ. ಅಲ್ಲ, ಇದೇ ರೇಸಿನ ವಿದ್ಯೆ. ಸರದಿಯಲ್ಲಿ ಮುಂದೆ ಬಂದು ಎಳೆದು, ಸರದಿಯಲ್ಲಿ ಹಿಂದೆ ಸರಿಯುವುದು ಸಾಮಾನ್ಯ ರೋಡ್ ರೇಸುಗಳಲ್ಲಿ ನಿಯಮಬದ್ಧ ಪದ್ಧತಿ. ಆದರೆ ಇದು ತಾನಾಗಿ ಬರುವುದಿಲ್ಲ, ಅಭ್ಯಾಸ ಬೇಕು. ಮುಂದಿನವನ ಹಿಂಚಕ್ರವನ್ನೇ ನೋಡುತ್ತ ಕೂತರೆ ಅವನು ಬ್ರೇಕ್ ಹಿಡಿದ ಕೂಡಲೇ ಡಿಕ್ಕಿ. ಕಣ್ಣು ಅವನ ಹೆಗಲ ಮೇಲಿಂದ ರಸ್ತೆಯನ್ನು ನೋಡುತ್ತಿರಬೇಕು. ಮುಂದಿನವನು ಗುಂಡಿ ಕಂಡರೆ ಕೈ ತೋರಿಸಬೇಕು, ‘ಗುಂಡಿ!’ ಎಂದು ಕೂಗಬೇಕು. ಗಾಳಿ ಓರೆಯಾಗಿ ಎಡದಿಂದ ಬೀಸುತ್ತಿದ್ದರೆ ಮರೆ ಇರುವುದು ನೇರ ಹಿಂದೆ ಅಲ್ಲ, ತುಸು ಬಲಕ್ಕೆ. ನಾಲ್ಕು ಜನ ಗೆಳೆಯರು ವಾರಕ್ಕೊಮ್ಮೆ ಸೇರಿ ಒಂದು ಗಂಟೆ ಹೀಗೆ ತುಳಿದರೆ ಎರಡು ತಿಂಗಳಲ್ಲಿ ಮೈಗೆ ಹತ್ತುತ್ತದೆ.

ಗಾಳಿಯ ವಿಷಯದಲ್ಲಿ ಸ್ಕಾಟ್‌ಲೆಂಡಿನ ಗ್ರೇಮ್ ಒಬ್ರಿಯ ಕಥೆ ನಮ್ಮ ಹುಡುಗರಿಗೆ ಹೇಳಲೇಬೇಕಾದ್ದು. ದೊಡ್ಡ ತಂಡದ ಬೆಂಬಲವಿಲ್ಲದೆ, ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನೂ ಬಳಸಿ ತಾನೇ ಕಟ್ಟಿಕೊಂಡ ಸೈಕಲ್ ಮೇಲೆ, ತೋಳುಗಳನ್ನು ಎದೆಯ ಕೆಳಗೆ ಮಡಚಿಕೊಳ್ಳುವ ಹೊಸ ಭಂಗಿಯಲ್ಲಿ, 1993ರ ಜುಲೈನಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ತುಳಿದು ಆತ ವಿಶ್ವದಾಖಲೆ ಮಾಡಿದ. ಗಾಳಿಗೆ ಎದುರಾಗುವ ಮೈಯ ಅಗಲ ಕಡಿಮೆ ಮಾಡಿದ್ದೇ ಆ ಭಂಗಿಯ ಗುಟ್ಟು. ಆ ಭಂಗಿಯನ್ನು ಮುಂದೆ ನಿಷೇಧಿಸಿದರು, ನಮ್ಮ ರಸ್ತೆಯಲ್ಲಿ ಅದು ಅಪಾಯವೂ ಹೌದು. ಆದರೆ ಸಾದಾ ಸೈಕಲ್ಲಿನಲ್ಲೂ ಮೊಣಕೈ ಮಡಚಿ, ಎದೆ ತಗ್ಗಿಸಿ, ಮೊಣಕಾಲು ಒಳಕ್ಕೆ ಇಟ್ಟು ತುಳಿಯಬಹುದು. ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಹಾರಿಸಿಕೊಂಡು ಹೋಗುವುದನ್ನು ಬಿಟ್ಟು ಮೈಗೆ ಅಂಟುವ ಬನಿಯನ್ ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ.

ಸೈಕಲ್ಲಿನ ತಯಾರಿ ಪಂಕ್ಚರ್ ಅಂಗಡಿಯಲ್ಲಿ ನಡೆಯುತ್ತದೆ. ‘ಚಾಚಾ, ಶರ್ಯತ್ತು ಐತಿ, ಬಿಚ್ಚಿಬಿಡ್ರಿ’ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಚೈನ್ ಕವರ್ ಎಲ್ಲ ಕಳಚಿ ಮೂಲೆಗೆ ಬೀಳುತ್ತವೆ. ಚಕ್ರವನ್ನು ತಿರುಗಿಸಿ ಬಿಟ್ಟು, ಕಡ್ಡಿ ಬಿಗಿ ಮಾಡಿ ಬೆಂಡು ತೆಗೆಯುತ್ತಾರೆ. ಬ್ರೇಕನ್ನು ಮಾತ್ರ ಯಾರೂ ಬಿಚ್ಚಿಸಬಾರದು. ಹಗುರವಾಗಲೆಂದು ಅದಕ್ಕೂ ಕೈ ಹಾಕುವವರು ಇದ್ದಾರೆ, ಅಂಥವರನ್ನು ಹೊರಡುವ ಗೆರೆಯ ಹತ್ತಿರವೂ ಬಿಡಬಾರದು. ಸೀಟಿನ ಎತ್ತರಕ್ಕೆ ಸುಲಭ ಅಳತೆ ಇದೆ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ನಮ್ಮ ಕಡೆ ಬಹುತೇಕ ಹುಡುಗರ ಸೀಟು ತಗ್ಗಿನಲ್ಲಿರುತ್ತದೆ, ಮೊಣಕಾಲು ನೋವಿಗೆ ಅದೂ ಒಂದು ಕಾರಣ.

ಸಾದಾ ಸೈಕಲ್ಲಿನ ಹಲ್ಲಿನ ಲೆಕ್ಕ ಗೊತ್ತಿರಬೇಕು. ಮುಂದೆ 44, ಹಿಂದೆ ಫ್ರೀವೀಲ್‌ನಲ್ಲಿ 18 ಹಲ್ಲು ಇದ್ದರೆ 28 ಇಂಚಿನ ಚಕ್ರ ಪೆಡಲ್ಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 29 ಕಿಲೋಮೀಟರ್ ಚಿಲ್ಲರೆ. ಫ್ರೀವೀಲನ್ನು 16 ಹಲ್ಲಿನದಕ್ಕೆ ಬದಲಿಸಿದರೆ ಅದೇ ತುಳಿತಕ್ಕೆ 33. ಅದಕ್ಕೇ ಕೆಲವರು ರೇಸಿನ ಹಿಂದಿನ ದಿನ ಫ್ರೀವೀಲ್ ಬದಲಿಸಲು ಓಡುತ್ತಾರೆ. ಬದಲಿಸುವುದಿದ್ದರೆ ಎಂಟು ವಾರ ಮೊದಲೇ ಬದಲಿಸಿ, ಆ ಭಾರದಲ್ಲೇ ತಾಲೀಮು ಮಾಡಬೇಕು. ಕಾಲಿಗೆ ಒಗ್ಗದ ಭಾರದ ಗೇರು ಹೊರಡುವಾಗ ಏಳುವುದಿಲ್ಲ, ತಿರುವಿನ ನಂತರ ಅಂತೂ ಏಳುವುದೇ ಇಲ್ಲ. ನನ್ನನ್ನು ಕೇಳಿದರೆ 18 ಹಲ್ಲನ್ನೇ ಇಟ್ಟುಕೊಂಡು ನಿಮಿಷಕ್ಕೆ 100, 105 ಸುತ್ತು ತುಳಿಯುವುದನ್ನು ಕಲಿಯುವುದು ಹೊಸಬನಿಗೆ ಹೆಚ್ಚು ಲಾಭ.

ತಿರುವು ಎಂದೆನಲ್ಲ, ಜಾತ್ರೆಯ ರೇಸು ಬಹುಪಾಲು ತೀರ್ಮಾನವಾಗುವುದೇ ಅಲ್ಲಿ. ನಡುರಸ್ತೆಯಲ್ಲಿ ಒಂದು ಡ್ರಮ್ಮು, ಪಕ್ಕದಲ್ಲಿ ಸುತ್ತಿದ್ದಕ್ಕೆ ಗುರುತಾಗಿ ಕೊಡುವ ಚೀಟಿಯೋ ರಬ್ಬರ್ ಬ್ಯಾಂಡೋ ಹಿಡಿದ ಸ್ವಯಂಸೇವಕ, ಸುತ್ತ ಕಿರುಚುವ ಮಂದಿ. ಮೂವತ್ತು ಸೈಕಲ್ಲುಗಳ ಗುಂಪು ಅಲ್ಲಿಗೆ ಬಂದಾಗ ಮೊದಲ ನಾಲ್ಕೈದು ಜನ ತಮ್ಮ ದಾರಿ ಹಿಡಿದು ಸುತ್ತುತ್ತಾರೆ. ಅವರ ಹಿಂದಿನವರು ಬ್ರೇಕ್ ಹಿಡಿಯುತ್ತಾರೆ, ಅದಕ್ಕೂ ಹಿಂದಿನವರು ಇನ್ನಷ್ಟು, ಕೊನೆಯವರು ಕಾಲು ನೆಲಕ್ಕೆ ಊರಿ ನಿಂತೇ ಬಿಡುತ್ತಾರೆ. ಅವರು ತಿರುಗಿ ಹೊರಡುವಷ್ಟರಲ್ಲಿ ಮುಂದಿನವರು ಇನ್ನೂರು ಮೀಟರ್ ಆಚೆ. ಗೇರಿಲ್ಲದ ಭಾರದ ಸೈಕಲ್ಲನ್ನು ನಿಂತ ಸ್ಥಿತಿಯಿಂದ ಪೂರ್ತಿ ವೇಗಕ್ಕೆ ತಂದು ಆ ಅಂತರ ಮುಚ್ಚುವುದು ಒಳ್ಳೆಯ ಕಾಲಿಗೂ ದುಬಾರಿ. ಅದಕ್ಕೆ ಡ್ರಮ್ಮು ಕಾಣುವ ಅರ್ಧ ಕಿಲೋಮೀಟರ್ ಮೊದಲೇ ಮುಂದಿನ ಐವರಲ್ಲಿ ಜಾಗ ಹಿಡಿಯಬೇಕು. ರೇಸಿನಲ್ಲಿ ಒಮ್ಮೆಯಾದರೂ ಶಕ್ತಿ ದುಂದು ಮಾಡಬಹುದಾದರೆ ಅದು ಇಲ್ಲಿ.

ತಿರುಗುವುದನ್ನೂ ಕಲಿಯಬೇಕು. ಶಾಲೆಯ ಮೈದಾನದಲ್ಲೋ ಖಾಲಿ ಕಣದಲ್ಲೋ ಒಂದು ಕಲ್ಲಿಟ್ಟುಕೊಂಡು ಸುತ್ತಿದರೆ ಸಾಕು. ಬ್ರೇಕಿನ ಕೆಲಸವೆಲ್ಲ ತಿರುವಿಗೆ ಮೊದಲೇ ಮುಗಿಯಬೇಕು, ಓರೆಯಾದ ಮೇಲೆ ಬ್ರೇಕ್ ಮುಟ್ಟಬಾರದು. ಎಡಬದಿಯಲ್ಲಿ ಹೋಗುವ ನಾವು ಸುತ್ತುವುದು ಬಲಕ್ಕೆ, ಆದ್ದರಿಂದ ಬಲ ಪೆಡಲ್ ಮೇಲೆ, ಎಡಗಾಲು ಕೆಳಗೆ ಮತ್ತು ಮೈಭಾರವೆಲ್ಲ ಆ ಎಡಗಾಲಿನ ಮೇಲೆ. ಕಣ್ಣು ಡ್ರಮ್ಮಿನ ಮೇಲಲ್ಲ, ಹೊರಡಬೇಕಾದ ರಸ್ತೆಯ ಮೇಲೆ. ಅಗಲವಾಗಿ ಒಳಬಂದು ಡ್ರಮ್ಮಿನ ಹತ್ತಿರ ಹಾದು ಮತ್ತೆ ಅಗಲವಾಗಿ ಹೊರಬೀಳಬೇಕು. ಸೈಕಲ್ ನೆಟ್ಟಗಾದ ಕೂಡಲೇ ಸೀಟು ಬಿಟ್ಟೆದ್ದು ಹತ್ತು ಹದಿನೈದು ತುಳಿತ ಪೂರ್ತಿ ಬಲದಿಂದ. ತಿರುವಿನ ನಂತರ ಗಾಳಿಯ ದಿಕ್ಕೂ ಬದಲಾಗಿರುತ್ತದೆ. ಹೋಗುವಾಗ ಬೆನ್ನಿಗಿದ್ದ ಗಾಳಿ ಈಗ ಎದೆಗೆ. ಆ ಲೆಕ್ಕವನ್ನು ಹೊರಡುವ ಮೊದಲೇ ಧ್ವಜದ ಬಟ್ಟೆ ನೋಡಿ ಮಾಡಿಟ್ಟುಕೊಂಡವನು ವಾಪಸ್ ದಾರಿಯಲ್ಲಿ ಒಬ್ಬಂಟಿಯಾಗಿ ಸಿಕ್ಕಿಬೀಳುವುದಿಲ್ಲ.

ಊಟದ ಬಗ್ಗೆ ಬಹಳ ಹೇಳುವುದಿಲ್ಲ. ಅರ್ಧ ಗಂಟೆಯ ರೇಸಿಗೆ ಮೈಯಲ್ಲಿ ಸಂಗ್ರಹವಾದ ಸಕ್ಕರೆಯೇ ಧಾರಾಳ ಸಾಕು, ದಾರಿಯಲ್ಲಿ ತಿನ್ನುವುದು ಬೇಡ. ಹಿಂದಿನ ರಾತ್ರಿ ರೊಟ್ಟಿ, ಬೇಳೆ, ಅನ್ನ, ಮನೆಯಲ್ಲಿ ಮಾಡಿದ್ದೇ. ರೇಸಿಗೆ ಎರಡು ಮೂರು ಗಂಟೆ ಮೊದಲು ಅವಲಕ್ಕಿಯೋ ಎರಡು ಬಾಳೆಹಣ್ಣೋ. ಮಂಡಕ್ಕಿ, ಮಿರ್ಚಿ ಗೆದ್ದ ಮೇಲೆ ಇರಲಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಿಂದಿನ ದಿನದಿಂದಲೇ ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಪಾನಕ ಕುಡಿಯುತ್ತಿರಬೇಕು. ಗೆರೆಯ ಹತ್ತಿರ ಬಂದು ಒಂದೇ ಸಲಕ್ಕೆ ಚರಿಗೆ ನೀರು ಕುಡಿದರೆ ಹೊಟ್ಟೆ ಕುಲುಕುವುದು ಬಿಟ್ಟು ಬೇರೆ ಲಾಭವಿಲ್ಲ. ಕೊನೆಯ ವಾರ ತಾಲೀಮಿನ ಹೊತ್ತನ್ನು ಅರ್ಧಕ್ಕೆ ಇಳಿಸಿ, ಬಿರುಸನ್ನು ಮಾತ್ರ ಅಲ್ಪಸ್ವಲ್ಪ ಉಳಿಸಿಕೊಂಡರೆ ಕಾಲು ತಾಜಾ ಆಗುತ್ತದೆ. ರೇಸಿನ ದಿನ ಕಾಲು ಗಂಟೆಗೂ ಹೆಚ್ಚು ಹೊತ್ತು ಮೈ ಬೆಚ್ಚಗೆ ಮಾಡಿಕೊಳ್ಳಬೇಕು, ಕೊನೆಗೆ ಎರಡು ಮೂರು ಸಣ್ಣ ಬಿರುಸು. ರೇಸು ಸಣ್ಣದಾದಷ್ಟೂ ಈ ಸಿದ್ಧತೆ ಹೆಚ್ಚು ಬೇಕು, ಏಕೆಂದರೆ ದಾರಿಯಲ್ಲಿ ಮೈ ಬಿಸಿಯಾಗಲೆಂದು ಕಾಯಲು ಸಮಯವೇ ಇರುವುದಿಲ್ಲ.

ಇಲ್ಲಿಂದ ಮುಂದಿನ ದಾರಿ ದೂರದಲ್ಲೇನೂ ಇಲ್ಲ. ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಹಳ್ಳಿಗಳಿಂದ ಬಂದ ಮಕ್ಕಳನ್ನೇ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನಾಗಿ ಬೆಳೆಸಿವೆ. 2021ರಲ್ಲಿ ಪಕ್ಕದ ಗದಗದ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ವಯಸ್ಸು ಮೀರಿದವರಿಗೂ ಬಾಗಿಲು ಮುಚ್ಚಿಲ್ಲ: ಎಂಜಿನಿಯರಿಂಗ್ ಓದಿ ತಡವಾಗಿ ರೇಸಿಗಿಳಿದ ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆಗಿ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತುಳಿದರು.

ರೇಸು ಏರ್ಪಡಿಸುವ ಜಾತ್ರಾ ಸಮಿತಿಗಳಿಗೆ ನನ್ನದೊಂದು ಕೋರಿಕೆ ಇದೆ. ಹೆಲ್ಮೆಟ್ ಇಲ್ಲದವರನ್ನು ಬಿಡಬೇಡಿ. ಬಹುಮಾನದ ಹಣದಲ್ಲಿ ಒಂದಿಷ್ಟು ತೆಗೆದು ಹತ್ತು ಹೆಲ್ಮೆಟ್ ಕೊಂಡಿಟ್ಟರೂ ಸರಿ. ಆ ಒಂದು ಗಂಟೆ ರಸ್ತೆಗೆ ಪೊಲೀಸರ ಅನುಮತಿ, ಎರಡೂ ತುದಿಯಲ್ಲಿ ತಡೆ, ಹಿಂದೊಂದು ಆಂಬುಲೆನ್ಸ್ ಇರಲಿ. ಡ್ರಮ್ಮಿನ ಸುತ್ತಲಿನ ಮರಳನ್ನು ಬೆಳಿಗ್ಗೆ ಗುಡಿಸಿ. ಮತ್ತು ಹುಡುಗಿಯರಿಗೂ ಒಂದು ಶರ್ಯತ್ತು ಇಡಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಕೋವಿಡ್ ಕಾಲದಲ್ಲಿ ಅದು ನಿಲ್ಲುವವರೆಗೆ, ಹಳ್ಳಿಯ ಎಷ್ಟೋ ಹುಡುಗಿಯರು ದಿನಾ ಸೈಕಲ್ ತುಳಿದೇ ಹೈಸ್ಕೂಲಿಗೆ ಹೋಗಿ ಬಂದರು. ಎದುರುಗಾಳಿ, ಕೆಸರು, ಬೆನ್ನಿಗೆ ಪುಸ್ತಕದ ಚೀಲ, ಕ್ಯಾರಿಯರಿನಲ್ಲಿ ತಂಗಿ. ಅವರಿಗೆ ಐದು ಕಿಲೋಮೀಟರಿನ ಒಂದು ಓಟ, ಹುಡುಗರಿಗೆ ಕೊಡುವಷ್ಟೇ ಬಹುಮಾನ, ಕರಪತ್ರದಲ್ಲಿ ಅದೇ ಅಕ್ಷರದ ಗಾತ್ರ. ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಸೇರಿಸಬಹುದಾದ ಸಾಲು ಇದು.